ಇಟ್ಟಾಲಾ ಮತ್ತು ವೆನಿನಿ: ಕಲಾತ್ಮಕ ಗಾಜು ಕೊಳ್ಳುವವರಿಗೆ ಒಂದು ಹೋಲಿಕೆ

ಕೈಕುಶಲತೆಯಿಂದ ಊದಿ ಮಾಡಿದ ಗಾಜಿನ ಹೂದಾನಿಯನ್ನು ಆರಿಸುವಾಗ 1881ರಲ್ಲಿ ಫಿನ್ಲೆಂಡಿನಲ್ಲಿ ಆರಂಭವಾದ ಇಟ್ಟಾಲಾ, ಹಾಗೂ ಪಾವೊಲೊ ವೆನಿನಿ ಮತ್ತು ಜಾಕೊಮೊ ಕಪ್ಪೆಲಿನ್ ಸೇರಿ 1921ರಲ್ಲಿ ವೆನಿಸ್ ಬಳಿಯ ಮುರಾನೊದಲ್ಲಿ ಕಟ್ಟಿದ ವೆನಿನಿ, ಎರಡನ್ನೂ ಪರಿಶೀಲಿಸಬೇಕು. ಇಟ್ಟಾಲಾದ ಹೆಗ್ಗುರುತು, ಆಲ್ವಾರ್ ಆಲ್ಟೊ 1936ರಲ್ಲಿ ರೂಪಿಸಿದ ಅಲೆಯಂಚಿನ ಹೂದಾನಿ. ಅದನ್ನು ಅಚ್ಚಿನೊಳಗೆ ಊದುವುದರಿಂದ ಆಕಾರ ಹೆಚ್ಚು ಬದಲಾಗುವುದಿಲ್ಲ. ವೆನಿನಿಯ ಸೊಗಸು ಬಣ್ಣದಲ್ಲಿದೆ. ಅಲ್ಲಿ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪ 1930ರ ದಶಕದಲ್ಲಿ ಮುರಾನೊದ ಹಳೆಯ ತಂತ್ರಗಳಿಗೆ ಹೊಸ ರೂಪ ಕೊಟ್ಟರು.

ಎರಡೂ ಸಂಸ್ಥೆಗಳಿಗೆ ವಿನ್ಯಾಸ ಮಾಡಿದ ತಾಪಿಯೊ ವಿರ್ಕಲರ ಕೆಲಸದಲ್ಲಿ ವ್ಯತ್ಯಾಸ ನಿಚ್ಚಳವಾಗುತ್ತದೆ: ಇಟ್ಟಾಲಾದ ಅಲ್ಟಿಮಾ ತೂಲೆ ಲೋಟಗಳ ಮೈ ಕರಗುವ ಮಂಜುಗಡ್ಡೆಯಂತೆ ಉಬ್ಬುತಗ್ಗಾಗಿದ್ದರೆ, 1960ರ ದಶಕದಲ್ಲಿ ವೆನಿನಿಗಾಗಿ ರೂಪಿಸಿದ ಬೊಲ್ಲೆ ಹೂದಾನಿಗಳಲ್ಲಿ, ಬೇರೆ ಬೇರೆಯಾಗಿ ಊದಿದ ಎರಡು ಬಣ್ಣದ ಗಾಜುಗಳನ್ನು ಬಿಸಿಯಿರುವಾಗಲೇ ಅಂಚಿಗೆ ಅಂಚು ಕೂಡಿಸಲಾಗುತ್ತದೆ. ಆ ಬೆಸುಗೆಯ ಗೆರೆ ಎಷ್ಟು ನವಿರಾಗಿದೆ ಎಂಬುದನ್ನು ಬೆಳಕಿಗೆ ಹಿಡಿದು ನೋಡಿಯೇ ಮೆಚ್ಚಬೇಕು. ಕುಶಲಕರ್ಮಿಯ ಇಡೀ ಸಾಧನೆ ಅಲ್ಲಿದೆ. ದಿನವೂ ಹೂವಿಡುವ ಮನೆಗೆ ಆಲ್ಟೊ ಹೂದಾನಿಯೇ ಸೂಕ್ತ. ಒಂದೇ ಒಂದು ಕಲಾಕೃತಿಯನ್ನು ಕೊಳ್ಳುವುದಾದರೆ, ನನ್ನ ಮಟ್ಟಿಗೆ, ಬೊಲ್ಲೆಗೆ ಸಾಟಿಯಿಲ್ಲ.