ಎಟಿವಿಯ ಹ್ಯಾಂಡಲ್‌ಗೆ ಇನ್ನೊಂದು ದೀಪ: ನಾಲ್ಕು ಬಗೆಯನ್ನು ಕಟ್ಟಿ ನೋಡಿದ ಮೇಲೆ

ಸಕಲೇಶಪುರದ ಕಡೆ ರೊಬಸ್ಟಾ ಕಾಫಿ ಬೆಳೆಯುವವರಿಗೆ ಫೆಬ್ರವರಿ, ಮಾರ್ಚ್ ತಿಂಗಳುಗಳು ನಿದ್ದೆಗೆಡುವ ಕಾಲ. ಗಿಡ ಹೂ ಬಿಡಲು ಬೇಕಾದ ಹೂಮಳೆ ಹೊತ್ತಿಗೆ ಸರಿಯಾಗಿ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಿಯೇ ಹೂ ಬಿಡಿಸಬೇಕು. ಪಂಪ್ ಓಡಿಸಲು ಬೇಕಾದ ತ್ರೀ ಫೇಸ್ ವಿದ್ಯುತ್ ನಮ್ಮ ಲೈನಿಗೆ ಬರುವುದು ಹೆಚ್ಚಾಗಿ ರಾತ್ರಿ ಹತ್ತರ ಮೇಲೆ. ಕೆರೆಯ ಪಂಪ್‌ಮನೆ ನಮ್ಮ ಮನೆಯಿಂದ ಒಂದೂಕಾಲು ಕಿಲೋಮೀಟರ್ ಕೆಳಗಿದೆ. ಮೂರು ವರ್ಷಗಳಿಂದ ಆ ದಾರಿಗೆ ಎಟಿವಿಯನ್ನೇ, ಅಂದರೆ ಬೈಕಿನಂಥ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿಯನ್ನೇ, ನೆಚ್ಚಿಕೊಂಡಿದ್ದೇನೆ. ಕೆಸರು, ಕೊರಕಲು, ಇಳಿಜಾರು ಯಾವುದಕ್ಕೂ ಅಂಜದ ಗಾಡಿ ಅದು. ರಸ್ತೆಗೆ ಇಳಿಸುವ ನೋಂದಣಿ ಇಲ್ಲವಾದ್ದರಿಂದ ಬೇಲಿಯೊಳಗಷ್ಟೇ ಅದರ ಓಡಾಟ.

ಆ ಗಾಡಿಯಲ್ಲಿ ನನ್ನನ್ನು ಕಾಡಿದ್ದು ಹೆಡ್‌ಲೈಟ್ ಒಂದೇ. ಎರಡು ದೀಪಗಳೂ ಮುಂಭಾಗದ ಬಾಡಿಯಲ್ಲಿ ಕೂತಿವೆ. ಹ್ಯಾಂಡಲ್ ತಿರುಗಿಸಿದರೆ ಚಕ್ರ ತಿರುಗುತ್ತದೆ, ಬೆಳಕು ತಿರುಗುವುದಿಲ್ಲ. ತೋಟದ ದಾರಿಯ ಹೇರ್‌ಪಿನ್ ತಿರುವಿನಲ್ಲಿ ದೀಪ ಎದುರಿನ ಸಿಲ್ವರ್ ಓಕ್ ಮರದ ಬುಡಕ್ಕೆ ಬೀಳುತ್ತದೆ, ಚಕ್ರ ಕತ್ತಲೆಯ ಕಡೆಗೆ ಹೊರಳುತ್ತದೆ. ಕಳೆದ ಜನವರಿಯಲ್ಲಿ ಒಳಬದಿಯ ಮುಂದಿನ ಚಕ್ರ ಮಳೆನೀರು ಇಂಗಲು ತೋಡಿದ ತೊಟ್ಟಿಲು ಗುಂಡಿಗೆ ಇಳಿದು ಗಾಡಿ ವಾಲಿತು. ನೆಗೆದು ಬಚಾವಾದೆ. ಮಾರನೆಯ ದಿನವೇ ಹ್ಯಾಂಡಲ್‌ಗೆ ದೀಪ ಹಾಕಿಸುವ ತೀರ್ಮಾನ ಮಾಡಿದೆ.

ಅಂದಾಜಿನ ಮೇಲೆ ಮಾತಾಡಬಾರದೆಂದು ಅದೇ ತಿರುವಿನ ಒಳ ಅಂಚಿನಲ್ಲಿ ಐದೈದು ಹೆಜ್ಜೆಗೆ ಒಂದರಂತೆ ಐದು ಕಲ್ಲುಗಳನ್ನಿಟ್ಟು ಸುಣ್ಣ ಬಳಿದೆ. ಗಾಡಿಯನ್ನು ತಿರುವಿನ ಬಾಯಲ್ಲಿ ನಿಲ್ಲಿಸಿ, ಹ್ಯಾಂಡಲ್ ಪೂರ್ತಿ ತಿರುಗಿಸಿ, ಎಷ್ಟು ಕಲ್ಲು ಕಾಣುತ್ತವೆ ಎಂದು ನೋಡುವುದು. ಕಂಪನಿಯ ಹೆಡ್‌ಲೈಟಿನಲ್ಲಿ ಕಂಡದ್ದು ಮೊದಲನೆಯ ಕಲ್ಲು, ಅದೂ ಅರ್ಧ.

ಮೊದಲು ಕಟ್ಟಿದ್ದು ಬ್ಯಾಟರಿ ಒಳಗೇ ಇರುವ ಸೈಕಲ್ ದೀಪ. ವೈರಿಂಗ್ ಬೇಡ, ರಬ್ಬರ್ ಪಟ್ಟಿ ಎಳೆದು ಸಿಕ್ಕಿಸಿದರೆ ಮುಗಿಯಿತು. ನಿಂತ ಗಾಡಿಯಲ್ಲಿ ಮೂರು ಕಲ್ಲು ಕಂಡವು. ಓಡುವ ಗಾಡಿಯಲ್ಲಿ ಅದರ ಆಟ ನಡೆಯಲಿಲ್ಲ. ಕಲ್ಲುದಾರಿಯ ಕುಲುಕಾಟಕ್ಕೆ ಪಟ್ಟಿ ಜಾರಿ, ನೂರು ಮೀಟರ್ ಹೋಗುವಷ್ಟರಲ್ಲಿ ದೀಪ ಮಡ್‌ಗಾರ್ಡ್ ನೋಡುತ್ತಿತ್ತು. ಪೂರ್ತಿ ಬೆಳಕಿಗೆ ಇಟ್ಟರೆ ಒಂದೂವರೆ ಗಂಟೆಗೆ ಚಾರ್ಜ್ ಖಾಲಿ. ಆದರೆ ಪಂಪ್‌ಮನೆ ತಲುಪಿದ ಮೇಲೆ ಬಿಚ್ಚಿ ಕೈಯಲ್ಲಿ ಹಿಡಿದು, ಪೈಪಿನ ಜಾಯಿಂಟ್ ನೋಡಲು ನಡೆದುಕೊಂಡು ಹೋಗಬಹುದು. ಉಳಿದ ಮೂರಕ್ಕೂ ಇಲ್ಲದ ಗುಣ ಇದು.

ಎರಡನೆಯದು 55 ವ್ಯಾಟಿನ ಹ್ಯಾಲೊಜನ್. ಹಳೆಯ ಜೀಪುಗಳ ಮುಂದೆ ಇರುತ್ತಿದ್ದಂಥ ದುಂಡನೆಯ ದೀಪ. ಅದರ ಬೆಳಕಿನ ಬಗ್ಗೆ ನನಗೆ ಈಗಲೂ ಪ್ರೀತಿ. ಮಣ್ಣು ಮಣ್ಣಿನ ಬಣ್ಣದಲ್ಲಿಯೇ, ಎಲೆ ಎಲೆಯ ಬಣ್ಣದಲ್ಲಿಯೇ ಕಾಣುತ್ತವೆ. ಗುಂಡಿ ಯಾವುದು, ನೆರಳು ಯಾವುದು ಎಂದು ಕಣ್ಣಿಗೆ ಗೊತ್ತಾಗುತ್ತದೆ. ನಾಲ್ಕು ಕಲ್ಲು ನಿಚ್ಚಳವಾಗಿ ಕಂಡವು. ಅದನ್ನು ಕೂರಿಸಿಕೊಟ್ಟ ಆಟೋ ಎಲೆಕ್ಟ್ರಿಷಿಯನ್ ಮಾತ್ರ ಅವತ್ತೇ ಎಚ್ಚರಿಸಿದ್ದರು: ‘ಸಾರ್, ಇದು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ನಿಮ್ಮ ಗಾಡಿಯ ಬ್ಯಾಟರಿ ಒಂಬತ್ತು ಆಂಪಿಯರ್-ಗಂಟೆಯದು. ಇಂಜಿನ್ ನಿಲ್ಲಿಸಿ ದೀಪ ಉರಿಸಬೇಡಿ.’

ಮಾತು ತಲೆಯಲ್ಲಿತ್ತು, ಕೆಲಸದ ಗಡಿಬಿಡಿಯಲ್ಲಿ ಮರೆತೆ. ಇಳಿಜಾರಿನಲ್ಲಿ ಒಂದನೇ ಗೇರಿನಲ್ಲಿ ನಿಧಾನಕ್ಕೆ ಇಳಿಯುವಾಗ ಇಂಜಿನ್ನಿನ ವೇಗ ಕಡಿಮೆ, ಚಾರ್ಜಿಂಗ್ ಕೂಡ ಕಡಿಮೆ. ಹೆಡ್‌ಲೈಟಿನ ಜತೆಗೆ ಹ್ಯಾಲೊಜನ್ನೂ ಉರಿದರೆ ಬ್ಯಾಟರಿಗೆ ಸೇರುವುದಕ್ಕಿಂತ ಸೋರುವುದೇ ಹೆಚ್ಚು. ಐದಾರು ರಾತ್ರಿ ಹೀಗೆ ಓಡಿಸಿದ ಮೇಲೆ ಒಂದು ದಿನ ಕಳಚಿಕೊಂಡ ಸ್ಪ್ರಿಂಕ್ಲರ್ ಪೈಪ್ ಸೇರಿಸಲು ಇಂಜಿನ್ ನಿಲ್ಲಿಸಿ, ದೀಪದ ಬೆಳಕಿನಲ್ಲಿ ಅರ್ಧ ಗಂಟೆ ಕೂತೆ. ಎದ್ದು ಬಂದು ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಎಂಬ ಸದ್ದು, ಅಷ್ಟೇ. ಕಿಕ್ಕರ್ ಇಲ್ಲದ ಗಾಡಿ. ಕಾಡಾನೆ ಓಡಾಡುವ ತೋಟದಲ್ಲಿ, ರಾತ್ರಿ ಹನ್ನೆರಡೂವರೆಗೆ, ಮೊಬೈಲ್ ಬೆಳಕಿನಲ್ಲಿ ಮನೆಯವರೆಗೆ ಏರು ಹತ್ತಿದ ಆ ನಡಿಗೆಯಲ್ಲಿ ಪ್ರತಿ ಟೊಂಗೆಯ ಸದ್ದಿಗೂ ಎದೆ ಹಾರುತ್ತಿತ್ತು. ಮುಂದಿನ ವಾರ ಕುಲುಕಾಟಕ್ಕೆ ಬಲ್ಬಿನ ಫಿಲಮೆಂಟೂ ತುಂಡಾಯಿತು. ದೀಪವನ್ನು ಇಳಿಸಿಬಿಟ್ಟೆ.

ಮೂರನೆಯದು 18 ವ್ಯಾಟಿನ ಬಿಳಿ ಎಲ್‌ಇಡಿ ಪಟ್ಟಿ, ಆರು ಬಲ್ಬಿನದು. ಒಂದೂವರೆ ಆಂಪಿಯರ್ ಸಾಕು. ಬ್ಯಾಟರಿಯ ಚಿಂತೆ ತಪ್ಪಿತು. ಡಬ್ಬಿಯ ಮೇಲೆ ಹಲವು ಸಾವಿರ ಲುಮೆನ್ (ಬೆಳಕಿನ ಅಳತೆ) ಎಂದು ಬರೆದಿತ್ತು. ಅದನ್ನು ನಂಬಬೇಡಿ. ಇಂಥ ಎಲ್‌ಇಡಿ ದೀಪದಲ್ಲಿ ವ್ಯಾಟಿಗೆ ನೂರು ಲುಮೆನ್ ಬಂದರೆ ಒಳ್ಳೆಯದೇ ಎನ್ನಬೇಕು. 18 ವ್ಯಾಟಿಗೆ ಲೆಕ್ಕ ನೀವೇ ಹಾಕಿಕೊಳ್ಳಿ. ಹಾಗಿದ್ದರೂ ಐದಕ್ಕೆ ಐದು ಕಲ್ಲೂ ಕಂಡವು. ತೊಂದರೆ ಬಂದದ್ದು ಬೇರೆ ಕಡೆಯಿಂದ. ಬೆಳಕು ಅಗಲಕ್ಕೆ ಚೆಲ್ಲುವುದರಿಂದ ಮುಂದಿನ ಕ್ಯಾರಿಯರ್‌ನ ಕಂಬಿಗಳಿಗೂ ಮಡ್‌ಗಾರ್ಡಿಗೂ ಬಡಿದು ನೇರ ಕಣ್ಣಿಗೆ ಬರುತ್ತಿತ್ತು. ಕಂಬಿಗಳಿಗೆ ಮಿರುಗದ ಕಪ್ಪು ಟೇಪ್ ಸುತ್ತಿ, ದೀಪವನ್ನು ಎರಡು ಬೆರಳು ಮುಂದಕ್ಕೆ ತಂದ ಮೇಲೆ ಅದು ತಕ್ಕಮಟ್ಟಿಗೆ ಸರಿಹೋಯಿತು.

ಜೂನ್ ಬಂತು, ಮಂಜೂ ಬಂತು. ಆಗ ಬಿಳಿ ದೀಪದ ನಿಜವಾದ ಸ್ವಭಾವ ಗೊತ್ತಾಯಿತು. ಹ್ಯಾಂಡಲ್ ನಮ್ಮ ಕಣ್ಣಿಗೆ ಹತ್ತಿರವಿರುವ ಜಾಗ. ಅಲ್ಲಿಂದ ಹೊರಟ ಬೆಳಕು ಮಂಜಿನ ಹನಿಗಳಿಗೆ ಬಡಿದು ಕಣ್ಣಿಗೇ ಮರಳುತ್ತದೆ. ಗಾಡಿಯ ಮುಂದೆ ಬಿಳಿ ಪಂಚೆ ಒಣಹಾಕಿದ ಹಾಗೆ ಇತ್ತು. ಮೂರು ಮಾರು ಆಚೆ ಏನೂ ಇಲ್ಲ. ಫಾಗ್ ಲ್ಯಾಂಪನ್ನು ಬಂಪರಿನ ಕೆಳಗೆ ಕೂರಿಸುವುದು ಇದೇ ಕಾರಣಕ್ಕೆ. ಜುಲೈ ಮಳೆಯಲ್ಲಿ ಗಾಜಿನ ಒಳಗೂ ಹಬೆ ಕಟ್ಟಿತು. ಡಬ್ಬಿಯ ಮೇಲೆ ಐಪಿ 67 ಎಂದಿತ್ತು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಒಳಗೆ ನೀರು ಹೋಗಬಾರದು ಎಂದು ಅದರ ಅರ್ಥ.

ಈಗ ಇರುವುದು ನಾಲ್ಕನೆಯದು: 20 ವ್ಯಾಟಿನ ದುಂಡು ಎಲ್‌ಇಡಿ, ಹಳದಿ ಬೆಳಕು, ಅಗಲಕ್ಕೆ ಹರಡುವ ಗಾಜು. ಆಗಸ್ಟಿನ ಮೊದಲ ವಾರ ಹಾಕಿಸಿದೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ, ಅದು ಸರಿಯಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು. ಎಲ್ಲ ಬಣ್ಣವನ್ನೂ ಅದು ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ವ್ಯತ್ಯಾಸ ಇರುವುದು ನಮ್ಮ ಕಣ್ಣಿನಲ್ಲಿ. ಚುಚ್ಚುವುದು ನೀಲಿಯ ಪಾಲು. ಹಳದಿಯಲ್ಲಿ ಅದು ತೀರಾ ಕಡಿಮೆ. ಅದೇ ದಟ್ಟ ಮಂಜಿನಲ್ಲಿ ಬಿಳಿ ದೀಪಕ್ಕೆ ಒಂದು ಕಲ್ಲು ಕಂಡರೆ ಇದಕ್ಕೆ ಮೂರು ಕಂಡವು, ಅರ್ಧ ಗಂಟೆ ಓಡಿಸಿದರೂ ಕಣ್ಣು ಉರಿಯಲಿಲ್ಲ. ಹುಳಗಳ ವಿಷಯದಲ್ಲಿ ನನಗೆ ಇನ್ನೂ ಸಂತೋಷವಾಯಿತು. ಮಳೆಗಾಲದ ಮೊದಲಲ್ಲಿ ರೆಕ್ಕೆ ಬಂದ ಗೆದ್ದಲು ಬಿಳಿ ದೀಪಕ್ಕೆ ಮುತ್ತಿ ಬಾಯಿಗೂ ಕನ್ನಡಕದೊಳಗೂ ಬರುತ್ತಿತ್ತು. ಹಳದಿ ದೀಪದ ಸುತ್ತ ರಾತ್ರಿಯ ಹುಳಗಳ ಕಾಟ ಅಷ್ಟಿಲ್ಲ. ದೂರಕ್ಕೆ ಹೊಡೆಯುವುದರಲ್ಲಿ ಇದು ಹ್ಯಾಲೊಜನ್‌ಗೆ ಸಮನಲ್ಲ. ಆದರೆ ಹತ್ತು ಹದಿನೈದು ಕಿಲೋಮೀಟರ್ ವೇಗದ ತೋಟದ ದಾರಿಯಲ್ಲಿ ನನಗೆ ಬೇಕಿರುವುದು ಪಕ್ಕದ ಅಂಚು.

ಹಾಕಿಸುವವರು ದೀಪಕ್ಕಿಂತ ಹೆಚ್ಚಾಗಿ ವೈರಿನ ಕಡೆ ಗಮನ ಕೊಡಬೇಕು. ಮೊದಲ ಸಲ ವೈರನ್ನು ಬಿಗಿಯಾಗಿ ಎಳೆದು ಟೈ ಹಾಕಿದ್ದರು. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಕನೆಕ್ಟರ್ ಕಿತ್ತು ಬಂತು. ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಿ, ಸಡಿಲ ಬಿಟ್ಟು ಕಟ್ಟಬೇಕು. ವೈರು ಆಕ್ಸಿಲರೇಟರ್ ಕೇಬಲ್ಲಿಗೆ ಸಿಕ್ಕಿಕೊಳ್ಳಲೇಬಾರದು. ಐದು ಆಂಪಿಯರ್ ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಹ್ಯಾಲೊಜನ್ ಹಾಕುವುದಾದರೆ ಫ್ಯೂಸ್ ದೊಡ್ಡದು ಬೇಕು, ದೊಡ್ಡ ಕರೆಂಟನ್ನು ಸಣ್ಣ ಸ್ವಿಚ್ಚಿನಿಂದ ನಡೆಸುವ ರಿಲೇಯನ್ನೂ ಹಾಕಿಸಿ. ಹ್ಯಾಂಡಲ್‌ನ ಸಣ್ಣ ಸ್ವಿಚ್ ಆ ಕರೆಂಟ್ ತಾಳುವುದಿಲ್ಲ. ದೀಪ ಯಾವುದೇ ಆಗಲಿ, ಕೀಲಿ ತೆಗೆದೊಡನೆ ಆರುವ ಹಾಗೆ ಜೋಡಿಸಲು ಹೇಳಿ. ಮೊದಲೇ ಹಾಗೆ ಹೇಳಿದ್ದರೆ ಆ ರಾತ್ರಿಯ ನಡಿಗೆ ನನಗೆ ತಪ್ಪುತ್ತಿತ್ತು. ಕ್ಲ್ಯಾಂಪ್ ಕೊಳ್ಳುವ ಮೊದಲು ಹ್ಯಾಂಡಲ್ ಕೊಳವೆಯ ದಪ್ಪ ಅಳೆಯಿರಿ: ಸಾಮಾನ್ಯವಾಗಿ 22 ಮಿಲಿಮೀಟರ್, ದಪ್ಪನೆಯದಾದರೆ ನಡುವೆ 28.

ಆನೆ ಹತ್ತಿರವಿದೆ ಎಂಬ ಸಂದೇಶ ಮೊಬೈಲ್‌ಗೆ ಬಂದ ರಾತ್ರಿ ಯಾವ ದೀಪವಿದ್ದರೂ ನಾನು ಗಾಡಿ ತೆಗೆಯುವುದಿಲ್ಲ, ನೀರು ಹಾಯಿಸುವುದು ಒಂದು ದಿನ ತಡವಾದರೂ ಸರಿ. ಉಳಿದ ರಾತ್ರಿಗಳಲ್ಲಿ ಹ್ಯಾಂಡಲ್ ಮೇಲೆ ಹಳದಿ ದೀಪ ಉರಿಯುತ್ತದೆ, ಸೈಕಲ್ ದೀಪ ಪಂಪ್‌ಮನೆಯ ಬಾಗಿಲ ಮೊಳೆಯಲ್ಲಿ ತೂಗುತ್ತಿರುತ್ತದೆ.