ಗೌರಿಬಿದನೂರಿನ ಶಾಂತಿ ಶಿಬಿರ: 300 ರೂಪಾಯಿ, ಒಂದು ಇಡೀ ದಿನ, ಹೋಗಬಹುದಾ?

ಖಂಡಿತ ಹೋಗಿ. ಕೆಲವು ಮೇಷ್ಟ್ರುಗಳು ಮತ್ತು ಅವರ ಹಳೇ ವಿದ್ಯಾರ್ಥಿಗಳು ಸೇರಿ ನಡೆಸುವ ಒಂದು ದಿನದ ಶಿಬಿರ ಇದು. ತಿಂಡಿ, ಊಟ, ಟೀ, ಮಧ್ಯಾಹ್ನ ವಿದುರಾಶ್ವತ್ಥಕ್ಕೆ ಹೋಗಿಬರುವ ಬಸ್ಸು ಎಲ್ಲ ಆ 300 ರೂಪಾಯಿಯಲ್ಲೇ. ವಿಷಯ ಏನು ಅಂದರೆ, ಪ್ರಪಂಚದಲ್ಲಿ ಶಾಂತಿ ಯಾಕೆ ನಿಲ್ಲುತ್ತಿಲ್ಲ, ಮತ್ತು ಅಧಿಕಾರ ಇಲ್ಲದ ಸಾಮಾನ್ಯ ಜನ ಅದಕ್ಕಾಗಿ ಏನೇನು ಮಾಡಿದ್ದಾರೆ. ಪಾರಿವಾಳದ ಚಿತ್ರ, ಪ್ರತಿಜ್ಞೆ, ಉದ್ದುದ್ದ ಭಾಷಣ ಇರುತ್ತದೆ ಅಂದುಕೊಂಡು ದೂರ ಉಳಿಯಬೇಡಿ. ಅದ್ಯಾವುದೂ ಇಲ್ಲಿಲ್ಲ.

ಬೆಳಗ್ಗೆ ಒಂದು ಆಟದಿಂದ ಶುರು. ಹದಿನೈದು ಕುರ್ಚಿ ಹಾಕಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮಾಡಿದರು. ಐದು ಜನರ ಕೈಗೆ ಕೆಂಪು ಚೀಟಿ, ಅಂದರೆ ವೀಟೋ, ಒಬ್ಬರೇ ಬೇಡ ಅಂದರೂ ನಿರ್ಣಯ ಬಿದ್ದುಹೋಗುವ ಅಧಿಕಾರ. ಉಳಿದ ಹತ್ತು ಜನಕ್ಕೆ ಬರೀ ಓಟು. ನಾನು ಆ ಹತ್ತರಲ್ಲಿ ಒಬ್ಬ. ಒಂದು ಕಾಲ್ಪನಿಕ ಯುದ್ಧ ನಿಲ್ಲಿಸುವ ನಿರ್ಣಯ ಬಂತು, ಹದಿನಾಲ್ಕು ಜನ ಕೈ ಎತ್ತಿದೆವು, ಒಬ್ಬರು ಕೆಂಪು ಚೀಟಿ ತೋರಿಸಿದರು, ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಎದ್ದು ನಿಂತು ಇದು ಅನ್ಯಾಯ ಅಂತ ವಾದಕ್ಕೇ ಇಳಿದಳು. 1945ರಿಂದ ಇದೇ ನಿಯಮ ಅಮ್ಮಾ, ಇದನ್ನು ಬದಲಾಯಿಸಬೇಕು ಅಂದರೂ ವೀಟೋ ಇರುವ ಆ ಐದೂ ದೇಶ ಒಪ್ಪಲೇಬೇಕು ಅಂತ ಮೇಷ್ಟ್ರು ಹೇಳಿದಾಗ ಇಡೀ ಹಾಲ್ ಸುಮ್ಮನಾಯಿತು. ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಇಷ್ಟು ನಾಟುವುದಿಲ್ಲ.

ಆಮೇಲೆ ದುಡ್ಡಿನ ಲೆಕ್ಕ. 2024ರಲ್ಲಿ ಪ್ರಪಂಚದ ದೇಶಗಳೆಲ್ಲ ಸೇರಿ ಸೈನ್ಯಕ್ಕೆ ಖರ್ಚು ಮಾಡಿದ್ದು ಸುಮಾರು 2.7 ಲಕ್ಷ ಕೋಟಿ ಡಾಲರ್. ವಿಶ್ವಸಂಸ್ಥೆಯ ಶಾಂತಿಪಾಲನೆಗೆ 2024-25ರಲ್ಲಿ ಇದ್ದದ್ದು ಸುಮಾರು 560 ಕೋಟಿ ಡಾಲರ್. ಅಂದರೆ ಅತ್ತ 480 ರೂಪಾಯಿ ಹೋದರೆ ಇತ್ತ ಒಂದು ರೂಪಾಯಿ. ಇದನ್ನು ಬೋರ್ಡಿನ ಮೇಲೆ ಬರೆದು ಅಷ್ಟಕ್ಕೇ ಬಿಟ್ಟಿದ್ದು ನನಗೆ ಸರಿ ಬರಲಿಲ್ಲ. ವೀಟೋ ಇರುವ ಐದರಲ್ಲಿ ಅಮೆರಿಕ, ರಷ್ಯಾ, ಫ್ರಾನ್ಸ್, ಚೀನಾ ಈ ನಾಲ್ಕೂ ಆಯುಧ ಮಾರುವುದರಲ್ಲಿ ಮೊದಲ ಸಾಲಿನಲ್ಲಿವೆ. ಕೊಳ್ಳುವವರ ಸಾಲಿನಲ್ಲಿ ನಮ್ಮ ದೇಶವೂ ಮುಂದೇ ಇದೆ. ಯುದ್ಧ ನಿಲ್ಲಿಸಬೇಕಾದವರಿಗೂ ಆಯುಧ ಮಾರುವವರಿಗೂ ಇರುವ ಈ ಸಂಬಂಧವೇ ದೊಡ್ಡ ಅಡ್ಡಿ ಅಲ್ವಾ? ಅದನ್ನು ಬಿಡಿಸಿ ಹೇಳಬೇಕಿತ್ತು. ಒಬ್ಬರು ಕೇಳಿದರು ಕೂಡ, ಟೈಮ್ ಆಯಿತು ಅಂತ ಮುಂದಕ್ಕೆ ಹೋದರು.

ಶಿಬಿರದ ಜೀವಾಳ ಇರುವುದು ಊಟಕ್ಕೆ ಮುಂಚಿನ ಭಾಗದಲ್ಲಿ. ಅದರಲ್ಲೂ ಭಿವಂಡಿಯ ಕಥೆ. ಮುಂಬೈ ಹತ್ತಿರದ ಪವರ್‌ಲೂಮ್ ಊರು ಅದು. 1970ರಲ್ಲಿ ಮತ್ತು 1984ರಲ್ಲಿ ಭಯಂಕರ ಕೋಮುಗಲಭೆ ಕಂಡ ಊರು. 1988ರಲ್ಲಿ ಸುರೇಶ್ ಖೋಪಡೆ ಅನ್ನುವ ಪೊಲೀಸ್ ಅಧಿಕಾರಿ ಅಲ್ಲಿ ಮೊಹಲ್ಲಾ ಸಮಿತಿಗಳನ್ನು ಶುರು ಮಾಡಿದರು. ಹಿಂದೂಗಳು, ಮುಸ್ಲಿಮರು, ಆ ಬೀದಿಯ ಪೊಲೀಸರು ಒಟ್ಟಿಗೆ ಕೂತು ಮಾತಾಡುವುದು. ದೊಡ್ಡ ದೊಡ್ಡ ವಿಷಯ ಅಲ್ಲ, ಅಕ್ಕಪಕ್ಕದವರ ಜಗಳ, ಬೀದಿಯ ತಂಟೆ ತಕರಾರು ಇಂಥವೇ. ಹೀಗೆ ಕೂತು ಕೂತು ಮುಖಪರಿಚಯ ಆಯಿತು. 1992ರ ಡಿಸೆಂಬರ್‌ನಲ್ಲಿ ಮತ್ತು 1993ರ ಜನವರಿಯಲ್ಲಿ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ವದಂತಿ ಬಂದಾಗ ನಿಜವೋ ಸುಳ್ಳೋ ಅಂತ ಆ ಕಡೆಯವರನ್ನೇ ಕೇಳಬೇಕು ಅಂದರೆ, ಆ ಕಡೆ ಗೊತ್ತಿರುವವರು ಒಬ್ಬರಾದರೂ ಇರಬೇಕು. ಆ ಪರಿಚಯ ಜಗಳ ಶುರುವಾದ ಮೇಲೆ ಆಗುವುದಿಲ್ಲ. ಶಿಬಿರ ಇದನ್ನು ತುಂಬಾ ಚೆನ್ನಾಗಿ ಮನವರಿಕೆ ಮಾಡಿಸಿತು.

ಇನ್ನೊಂದು ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶದ ಕಥೆ. 2003ರಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಬಿಳಿ ಬಟ್ಟೆ ಉಟ್ಟು ರಾಜಧಾನಿ ಮೊನ್ರೋವಿಯಾದ ಮೀನು ಮಾರ್ಕೆಟ್ ಹತ್ತಿರ ದಿನಾ ಕೂತರು, ಬಿಸಿಲು ಮಳೆ ನೋಡದೆ. ಘಾನಾ ದೇಶದ ಅಕ್ರಾದಲ್ಲಿ ಸಂಧಾನ ಎಳೆದಾಡುತ್ತಿದ್ದಾಗ ಅಲ್ಲಿಗೂ ಹೋಗಿ, ಒಪ್ಪಂದ ಆಗುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ ಅಂತ ಸಭೆಯ ಬಾಗಿಲಿಗೇ ಅಡ್ಡ ಕೂತರು. ಆ ಆಗಸ್ಟ್‌ನಲ್ಲಿ ಒಪ್ಪಂದ ಆಯಿತು. ಮುಂದೆ ನಿಂತಿದ್ದ ಲೇಮಾ ಬೋವಿ ಅವರಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇದನ್ನು ಹೇಳಿದ್ದು ಒಬ್ಬರು ಹೈಸ್ಕೂಲ್ ಟೀಚರ್, ಏನೂ ನೋಡಿಕೊಳ್ಳದೆ, ಪಕ್ಕದ ಬೀದಿಯಲ್ಲಿ ನಡೆದ ಹಾಗೆ ಹೇಳಿದರು. ಅವರ ಮಾತು ಕೇಳುವುದಕ್ಕೇ ಇನ್ನೊಂದು ಸಲ ಹೋಗಬಹುದು.

ಅಲ್ಲಿನ ಹಿಂಸೆಯಲ್ಲಿ ಮಕ್ಕಳನ್ನು, ಮನೆಯವರನ್ನು ಕಳೆದುಕೊಂಡ ಇಸ್ರೇಲಿ ಕುಟುಂಬಗಳು 1995ರಲ್ಲಿ ಶುರು ಮಾಡಿ, ಆಮೇಲೆ ಅಂಥದ್ದೇ ಪ್ಯಾಲೆಸ್ಟೀನಿ ಕುಟುಂಬಗಳೂ ಸೇರಿಕೊಂಡ ಪೇರೆಂಟ್ಸ್ ಸರ್ಕಲ್ ಸಂಘಟನೆಯ ಬಗ್ಗೆ ಹೇಳುವಾಗ ಒಬ್ಬ ಹುಡುಗ ನೇರವಾಗಿ ಕೇಳಿದ: ಅವರಿಂದ ಗಾಜಾದ ಯುದ್ಧ ನಿಂತಿತಾ ಸಾರ್? ಇಲ್ಲ, ನಿಲ್ಲಲಿಲ್ಲ ಅಂದರು ಮೇಷ್ಟ್ರು. ಆದರೆ ಯುದ್ಧದ ನಡುವೆಯೂ ಅವರು ಒಬ್ಬರನ್ನೊಬ್ಬರು ಬಿಟ್ಟುಹೋಗಿಲ್ಲ, ನಾಳೆ ಮಾತುಕತೆ ಶುರುವಾಗಬೇಕಾದರೆ ಇಂಥವರು ಬೇಕೇ ಬೇಕು ಅಂದರು. ಜನ ಸೇರಿದರೆ ಎಲ್ಲ ಆಗುತ್ತದೆ ಅಂತ ಸುಮ್ನೆ ಹುರಿದುಂಬಿಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ ಜಾಸ್ತಿಯಾಯಿತು.

ಊಟ ಚೆನ್ನಾಗಿತ್ತು. ಮುದ್ದೆ, ಬಸ್ಸಾರು, ಪಲ್ಯ, ಮಜ್ಜಿಗೆ. ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂತು ಉಂಡೆವು, ವಯಸ್ಸಾದವರಿಗೆ ಕುರ್ಚಿ ಇತ್ತು.

ವಿದುರಾಶ್ವತ್ಥದಲ್ಲಿ ಮಾತ್ರ ತುಂಬಾ ಅವಸರ ಮಾಡಿದರು. 1938ರ ಏಪ್ರಿಲ್ 25ರಂದು ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಅದರ ಸ್ಮಾರಕ ವೀರಸೌಧ ನೋಡಿ, ಫೋಟೋ ತೆಗೆದುಕೊಂಡು, ಬಸ್ ಹತ್ತಿ ಅಂದರು. ಅದಾದ ಮುಂದಿನ ತಿಂಗಳೇ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲ್ ಕೂತು ಮಾತಾಡಿ, ಮೈಸೂರು ಸಂಸ್ಥಾನದ ಬಾವುಟದ ಜೊತೆಗೇ ಕಾಂಗ್ರೆಸ್ ಬಾವುಟವೂ ಹಾರಬಹುದು ಅಂತ ಒಪ್ಪಂದ ಮಾಡಿಕೊಂಡರು. ರಕ್ತ ಹರಿದ ಮೇಲೂ ಮಾತುಕತೆ ಹೇಗೆ ಸಾಧ್ಯವಾಯಿತು, ಸತ್ತವರ ಮನೆಯವರಿಗೆ ಅದು ಹೇಗೆ ಕಂಡಿರಬಹುದು? ಅಲ್ಲೇ ಮರದ ಕೆಳಗೆ ಕೂರಿಸಿ ಇದನ್ನು ಚರ್ಚೆ ಮಾಡಿಸಬೇಕಿತ್ತು. ಹಾಗೇ ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ದರ್ಗಾದ ಹೆಸರೇ ಬರಲಿಲ್ಲ. ಹಿಂದೂ, ಮುಸ್ಲಿಂ ಇಬ್ಬರೂ ಹರಕೆ ಹೊತ್ತು ಬರುವ ಜಾಗ ನಮ್ಮ ಜಿಲ್ಲೆಯಲ್ಲೇ ಇರುವಾಗ ಅದರ ಬಗ್ಗೆ ಮಾತಾಡದಿದ್ದರೆ ಹೇಗೆ?

ಇನ್ನೊಂದು ಕೊರತೆ, ಬಂದವರೆಲ್ಲ ಮೊದಲೇ ಒಪ್ಪಿಕೊಂಡವರು. ಮೇಷ್ಟ್ರುಗಳು, ವಿದ್ಯಾರ್ಥಿಗಳು, ಓದುವ ಹವ್ಯಾಸ ಇರುವವರು. ಭಿವಂಡಿಯ ಸಮಿತಿಗಳಲ್ಲಿ ಒಬ್ಬರನ್ನೊಬ್ಬರು ನಂಬದವರನ್ನೇ ಎದುರುಬದುರು ಕೂರಿಸಿದ್ದರು. ಇಲ್ಲಿ ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ನಂಬಿ ಮುಂದಕ್ಕೆ ಕಳಿಸುವ ನಮ್ಮ ಚಿಕ್ಕಪ್ಪನಂಥವರು ಬರಬೇಕು. ಒಬ್ಬರೇ ಹೋಗುವ ಬದಲು ಅಂಥವರನ್ನೂ ಕರೆದುಕೊಂಡು ಹೋಗಿ.

ಸಂಘಟಕರಲ್ಲಿ ಒಂದು ಕೋರಿಕೆ. ಗೌರಿಬಿದನೂರು, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು, ಉರ್ದು ಮಾತಾಡುವವರೇ ಎಷ್ಟೊಂದು ಜನ. ನೀವು ಕೊಟ್ಟ ಪುಸ್ತಿಕೆ ಕನ್ನಡದಲ್ಲಿ ಮಾತ್ರ ಇದೆ, ಮಾತೂ ಅಷ್ಟೇ. ಆ ಎರಡು ಭಾಷೆಯಲ್ಲೂ ನಾಲ್ಕು ಪುಟ ಅಚ್ಚು ಹಾಕಿಸಿ, ಮಧ್ಯೆ ಮಧ್ಯೆ ಆ ಭಾಷೆಗಳಲ್ಲೂ ಮಾತಾಡಿಸಿ. ಅದಕ್ಕೆ ಶುಲ್ಕ 50 ರೂಪಾಯಿ ಜಾಸ್ತಿ ಮಾಡಿದರೂ ಕೊಡುತ್ತೇವೆ.