ಎಕ್ಸ್-ರೇ ಮಾದರಿಯ ಅಂಕ ನೋಡಿ ನಂಬಬೇಡಿ, ನಾನು ನಂಬಿ ಕೆಟ್ಟೆ

ವೈದ್ಯಕೀಯ ಸಂಶೋಧನೆಗೆ ಎಐ ಬಳಸಲು ಹೊರಟಿದ್ದೀರಾ? ಹಾಗಿದ್ದರೆ ದಯವಿಟ್ಟು ಇದನ್ನು ಓದಿ. ನನ್ನ ಹಲವು ತಿಂಗಳ ಕೆಲಸ ನೀರುಪಾಲಾಗಿದೆ.

ಎದೆಯ ಎಕ್ಸ್-ರೇ ನೋಡಿ ನ್ಯುಮೋನಿಯಾ ಗುರುತಿಸುವ ಎಐ ಮಾದರಿಯನ್ನು ತಯಾರಿಸುತ್ತಿದ್ದೆ. ಎರಡು ಆಸ್ಪತ್ರೆಗಳ ಚಿತ್ರಗಳು ಕೈಯಲ್ಲಿದ್ದವು. ಪರೀಕ್ಷೆಯಲ್ಲಿ ತಪ್ಪು ಹುಡುಕಿದರೂ ಸಿಗದಷ್ಟು ಚೆನ್ನಾಗಿ ಉತ್ತರ ಬಂತು. ಪ್ರಬಂಧದ ಕರಡನ್ನೂ ಬರೆದಿಟ್ಟೆ. ಆಮೇಲೆ ಮೂರನೆಯ ಆಸ್ಪತ್ರೆಯ ಚಿತ್ರಗಳು ಬಂದವು. ಮಾದರಿ ಪೂರ್ತಿ ಎಡವಿತು. ಕಣ್ಣು ಮುಚ್ಚಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಸರಿ ಬರುತ್ತಿತ್ತು.

ಮಾದರಿ ಚಿತ್ರದ ಯಾವ ಭಾಗ ನೋಡಿ ತೀರ್ಮಾನಿಸುತ್ತಿದೆ ಎಂದು ಹೀಟ್‌ಮ್ಯಾಪ್ ತೆಗೆದು ನೋಡಿದೆ. ಶ್ವಾಸಕೋಶದ ಮೇಲೆ ಬಣ್ಣವೇ ಇರಲಿಲ್ಲ. ಚಿತ್ರದ ಮೂಲೆಯಲ್ಲಿದ್ದ ಒಂದು ಅಕ್ಷರದ ಗುರುತು ಕೆಂಪಗೆ ಹೊಳೆಯುತ್ತಿತ್ತು. ಎದ್ದು ಬರಲಾಗದ ರೋಗಿಗಳ ಹಾಸಿಗೆ ಬಳಿಗೇ ಒಯ್ಯುವ ಪೋರ್ಟಬಲ್ ಮಷಿನ್‌ನ ಗುರುತು ಅದು. ಆ ರೋಗಿಗಳಲ್ಲಿ ನ್ಯುಮೋನಿಯಾ ಜಾಸ್ತಿ ಇತ್ತು. ಮಾದರಿ ಕಲಿತದ್ದು ಅಷ್ಟನ್ನೇ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಚಿತ್ರಗಳನ್ನು ಸುಮ್ನೆ ಕಲಸಿ ತರಬೇತಿಗೆ ಅರ್ಧ, ಪರೀಕ್ಷೆಗೆ ಅರ್ಧ ಎಂದು ಹಂಚಿದ್ದೆ. ಒಬ್ಬರದೇ ಮೂರ್ನಾಲ್ಕು ಚಿತ್ರಗಳು ಎರಡೂ ಕಡೆ ಸೇರಿಕೊಂಡವು. ಮೊದಲೇ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷೆ ನಡೆಸಿದ ಹಾಗಾಯಿತು.

ನೋವಾಗುವುದು ಇದಕ್ಕೆ: ರೇಡಿಯಾಲಜಿ ವೈದ್ಯೆಯೊಬ್ಬರು ಶುರುವಿನಲ್ಲೇ "ಇವನ್ನು ಯಾವ ಮಷಿನ್‌ನಲ್ಲಿ ತೆಗೆದದ್ದು?" ಎಂದು ಕೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇದು ಹೊಸ ಕಥೆಯೂ ಅಲ್ಲ. 2018ರಲ್ಲೇ ಅಮೆರಿಕದ ಸಂಶೋಧಕರು ಇಂಥದ್ದನ್ನೇ ತೋರಿಸಿದ್ದರು. ಚಿತ್ರ ಯಾವ ಆಸ್ಪತ್ರೆಯದು ಎಂಬುದನ್ನು ಅವರ ಮಾದರಿ ಕರಾರುವಾಕ್ಕಾಗಿ ಹೇಳುತ್ತಿತ್ತು. ಕೋವಿಡ್ ಪತ್ತೆಗೆಂದು ಬಂದ 62 ಎಐ ಪ್ರಬಂಧಗಳನ್ನು 2021ರಲ್ಲಿ ಕೂಲಂಕಷವಾಗಿ ನೋಡಿದಾಗ ಆಸ್ಪತ್ರೆಯಲ್ಲಿ ಬಳಸಬಹುದಾದದ್ದು ಒಂದೂ ಸಿಗಲಿಲ್ಲ. ಕೆಲವರು ಕೋವಿಡ್ ಇಲ್ಲದವರ ಚಿತ್ರಗಳೆಂದು ಮಕ್ಕಳ ಎಕ್ಸ್-ರೇ ಬಳಸಿದ್ದರು. ಮಾದರಿಗೆ ರೋಗ ಗೊತ್ತಾಗಬೇಕಿಲ್ಲ, ವಯಸ್ಸು ಗೊತ್ತಾದರೆ ಸಾಕು, ಅಲ್ವಾ?

ಎಐ ಬೇಡ ಎನ್ನುತ್ತಿಲ್ಲ. ಪ್ರೋಟೀನ್‌ಗಳ ಆಕಾರ ಊಹಿಸುವ ಆಲ್ಫಾಫೋಲ್ಡ್ ತಯಾರಿಸಿದವರಿಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಅದನ್ನು ಪರೀಕ್ಷಿಸಿದ್ದು ಇನ್ನೂ ಪ್ರಕಟವಾಗದ ರಚನೆಗಳ ಮೇಲೆ. 2020ರಲ್ಲಿ ಎಐ ಆರಿಸಿಕೊಟ್ಟ ಹ್ಯಾಲಿಸಿನ್ ಎಂಬ ಆಂಟಿಬಯೋಟಿಕ್ಕನ್ನೂ ಬ್ಯಾಕ್ಟೀರಿಯಾ ಮೇಲೆ, ಇಲಿಗಳ ಮೇಲೆ ಪ್ರಯೋಗಿಸಿ ನೋಡಿದರು. ನಾನು ಮಾತ್ರ ಪರದೆಯ ಅಂಕವನ್ನೇ ನಂಬಿ ಕೂತೆ.

ನೀವು ರೋಗಿವಾರು ಹಂಚಿ, ಚಿತ್ರವಾರು ಅಲ್ಲ. ಒಂದು ಆಸ್ಪತ್ರೆಯ ಚಿತ್ರಗಳನ್ನು ಕೊನೆಯವರೆಗೂ ಮುಟ್ಟಬೇಡಿ. ಎಲ್ಲಕ್ಕಿಂತ ಮೊದಲು ಶ್ವಾಸಕೋಶದ ಭಾಗಕ್ಕೆ ಕಪ್ಪು ಬಳಿದು ಅದರ ಮೇಲೆಯೇ ಮಾದರಿಗೆ ತರಬೇತಿ ಕೊಟ್ಟು ನೋಡಿ. ನಾನು ಹಳೆಯ ಚಿತ್ರಗಳಿಗೆ ಕೊನೆಗೊಮ್ಮೆ ಹಾಗೆ ಮಾಡಿದೆ. ಶ್ವಾಸಕೋಶವೇ ಕಾಣದ ಚಿತ್ರಗಳಲ್ಲೂ ಅದು ನ್ಯುಮೋನಿಯಾ ಯಾರಿಗಿದೆ ಎಂದು ಸರಿಯಾಗಿ ಹೇಳಿತು. ಅವತ್ತೇ ಕರಡನ್ನು ಹಿಂದಕ್ಕೆ ತೆಗೆದುಕೊಂಡೆ.